ರಿಮೋಟ್ ಸ್ಟಾರ್ಟ್‌ಅಪ್‌ನಲ್ಲಿ ಕೆಲಸ: ಆಫರ್ ಒಪ್ಪುವ ಮುನ್ನ, ಒಪ್ಪಿದ ಮೇಲೆ

"ರಿಮೋಟ್ ಸ್ಟಾರ್ಟ್‌ಅಪ್ ಒಂದರಿಂದ ಆಫರ್ ಬಂದಿದೆ, ಸೇರಲಾ?" ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಅಲ್ಲಿ ಕೆಲಸ ಮಾಡಿದವರನ್ನು ಕೇಳಿದೆ. ಒಬ್ಬರು ಇಷ್ಟು ಒಳ್ಳೆಯ ಕೆಲಸ ಮತ್ತೆ ಸಿಗಲ್ಲ ಅಂದರು, ಇನ್ನೊಬ್ಬರು ಆ ಕಡೆ ತಲೆ ಹಾಕಬೇಡ ಅಂದರು. ಯಾರ ಮಾತು ನಂಬಲಿ?"

ಇಬ್ಬರ ಮಾತೂ ನಿಜವಿರಬಹುದು. ರಿಮೋಟ್ ಸ್ಟಾರ್ಟ್‌ಅಪ್ ಎಂದರೆ ತನ್ನ ವ್ಯಾಪಾರದ ದಾರಿಯನ್ನು ಇನ್ನೂ ಹುಡುಕುತ್ತಿರುವ ಸಣ್ಣ ತಂತ್ರಜ್ಞಾನ ಕಂಪನಿ. ಅದರ ಜನ ಒಬ್ಬೊಬ್ಬರು ಒಂದೊಂದು ಊರಲ್ಲಿ, ಕೆಲವೊಮ್ಮೆ ಒಂದೊಂದು ದೇಶದಲ್ಲಿ ಕುಳಿತು ಕೆಲಸ ಮಾಡುತ್ತಾರೆ. ಇಂಥ ಕಡೆ ಒಂದೇ ಕಂಪನಿಯ ಎರಡು ತಂಡಗಳ ಅನುಭವ ಎರಡು ಬೇರೆ ಕಂಪನಿಗಳಷ್ಟು ದೂರವಿರುತ್ತದೆ. ನಾನು ಕೆಲಸ ಮಾಡಿದ, ಹತ್ತಿರದಿಂದ ನೋಡಿದ ತಂಡಗಳಲ್ಲಿ ಈ ಅಂತರಕ್ಕೆ ಕಾರಣ ಬಹುತೇಕ ಒಂದೇ ಆಗಿತ್ತು: ಅಲ್ಲಿ ವಿಷಯಗಳನ್ನು ಬರೆದಿಡುತ್ತಾರೋ ಇಲ್ಲವೋ ಎಂಬುದು. ಯಾರು ಏನು ತೀರ್ಮಾನಿಸಿದರು, ಏಕೆ ತೀರ್ಮಾನಿಸಿದರು, ಈ ವಾರ ಯಾವ ಕೆಲಸ ಮುಖ್ಯ, ಬಡ್ತಿಗೆ ಆಧಾರವೇನು ಎಂಬುದೆಲ್ಲ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಬರಹವಾಗಿದ್ದರೆ ಸಾವಿರಾರು ಕಿಲೋಮೀಟರ್ ಆಚೆ ಇದ್ದೂ ನೀವು ಒಳಗಿನವರು. ಇಲ್ಲದಿದ್ದರೆ ಪಕ್ಕದ ಬೀದಿಯಲ್ಲಿದ್ದರೂ ಹೊರಗಿನವರು. ಕೆಳಗಿನ ಹಂತಗಳನ್ನು ಓದುವಾಗ ಈ ಒಂದು ಮಾತು ನೆನಪಿರಲಿ.

ಮೊದಲು ಕೈಯಲ್ಲಿರಬೇಕಾದ್ದು

ಆಫರ್ ಪತ್ರದ ಪೂರ್ಣ ಪ್ರತಿ, ಬರೀ ಸಂಬಳದ ಅಂಕಿ ಇರುವ ಇಮೇಲ್ ಸಾಲದು. ಆ ಕಂಪನಿಯಲ್ಲಿ ಈಗ ಇರುವ ಒಬ್ಬರು ಮತ್ತು ಬಿಟ್ಟು ಹೋದ ಇಬ್ಬರೊಂದಿಗೆ ಮಾತಾಡುವ ಅವಕಾಶ. ಆರು ತಿಂಗಳ ಮನೆಖರ್ಚಿನಷ್ಟು ಉಳಿತಾಯ. ಸ್ಟಾರ್ಟ್‌ಅಪ್‌ಗಳಲ್ಲಿ ಕೆಲಸ ಹೋಗುವುದು ಬಹಳ ಸಲ ಮುನ್ಸೂಚನೆ ಇಲ್ಲದೆ, ಅದರಲ್ಲಿ ನಿಮ್ಮ ತಪ್ಪೇನೂ ಇರಬೇಕಿಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ, ಒಂದು ಇಂಟರ್‌ನೆಟ್ ಸಂಪರ್ಕ ಕೈಕೊಟ್ಟರೆ ಇನ್ನೊಂದು. ಇವುಗಳಲ್ಲಿ ಉಳಿತಾಯ ಇಲ್ಲದಿದ್ದರೆ ಸ್ವಲ್ಪ ಕಾಯಿರಿ ಎಂದೇ ನನ್ನ ಸಲಹೆ. ಉಳಿದದ್ದನ್ನು ಹೊಂದಿಸಿಕೊಳ್ಳಬಹುದು.

ಹಂತ 1: ಅದು ಯಾವ ಬಗೆಯ ರಿಮೋಟ್ ಎಂದು ಗುರುತಿಸಿ

ಉದ್ಯೋಗ ಪ್ರಕಟಣೆಯಲ್ಲಿ "ರಿಮೋಟ್" ಎಂಬ ಒಂದೇ ಪದ ಇರುತ್ತದೆ. ಅದರ ಹಿಂದಿರುವ ವ್ಯವಸ್ಥೆ ಮೂರು ಥರ. ಒಂದು, ಯಾರಿಗೂ ಕಚೇರಿಯೇ ಇಲ್ಲದ ಪೂರ್ಣ ರಿಮೋಟ್. ತಂತ್ರಾಂಶದ ಕೋಡ್ ಇಟ್ಟು ಒಟ್ಟಾಗಿ ಕೆಲಸ ಮಾಡುವ ವೇದಿಕೆ ನಡೆಸುವ ಗಿಟ್‌ಲ್ಯಾಬ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಕಚೇರಿ ಇಲ್ಲದೆಯೇ ಬೆಳೆದು 2021ರ ಅಕ್ಟೋಬರ್‌ನಲ್ಲಿ ನ್ಯಾಸ್‌ಡ್ಯಾಕ್ ಷೇರುಪೇಟೆಗೆ ಬಂತು. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೊಮ್ಯಾಟಿಕ್ ಕೂಡ 2005ರಿಂದ ಹೀಗೆ ಹಂಚಿಹೋದ ತಂಡಗಳಲ್ಲೇ ಕೆಲಸ ಮಾಡುತ್ತಾ ಬಂದಿದೆ. ಎರಡು, ಮುಖ್ಯ ಕಚೇರಿ ಇದೆ, ಕೆಲವರು ಮಾತ್ರ ದೂರದಲ್ಲಿದ್ದಾರೆ. ಮೂರು, ಸದ್ಯಕ್ಕೆ ಮನೆಯಿಂದ, ಮುಂದೆ ಕರೆದರೆ ಬರಬೇಕು.

ಜನ ಮೋಸ ಹೋಗುವುದು ಎರಡನೆಯದರಲ್ಲಿ. ಕಚೇರಿಯಲ್ಲಿ ಕುಳಿತವರು ಲಿಫ್ಟ್ ಹತ್ತಿರ ನಿಂತು ತೀರ್ಮಾನ ಮಾಡಿಬಿಡುತ್ತಾರೆ, ದೂರದವರಿಗೆ ಅದು ಎರಡು ವಾರದ ನಂತರ ತಿಳಿಯುತ್ತದೆ. ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೂ ನಿಮ್ಮ ಹೆಸರು ನೆನಪಿಗೆ ಬರುವುದೇ ಕಡಿಮೆಯಾಗುತ್ತದೆ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್‌ಸೆಂಟರ್‌ನಲ್ಲಿ ಒಂಬತ್ತು ತಿಂಗಳು ಪ್ರಯೋಗ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸುತ್ತದೆ. ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಹೆಚ್ಚಾಯಿತು. ಆದರೆ ಅಷ್ಟೇ ಒಳ್ಳೆಯ ಕೆಲಸ ಮಾಡಿದ ಕಚೇರಿಯವರಿಗೆ ಹೋಲಿಸಿದರೆ ಅವರಿಗೆ ಬಡ್ತಿ ಸಿಕ್ಕಿದ್ದು ಕಡಿಮೆ.

ಕೇಳಬೇಕಾದ ಪ್ರಶ್ನೆ ನೇರವಾದದ್ದು: "ಸಂಸ್ಥಾಪಕರು ಎಲ್ಲಿ ಕುಳಿತು ಕೆಲಸ ಮಾಡುತ್ತಾರೆ? ನನ್ನ ಮ್ಯಾನೇಜರ್ ಎಲ್ಲಿ?" ಇಬ್ಬರೂ ಒಂದೇ ಕಟ್ಟಡದಲ್ಲಿದ್ದರೆ ಅದು ಎರಡನೇ ಬಗೆ, ಪ್ರಕಟಣೆ ಏನೇ ಹೇಳಲಿ. ಹಾಗೆಂದು ತಿರಸ್ಕರಿಸಬೇಕಿಲ್ಲ. ದೂರದಲ್ಲಿದ್ದು ಬಡ್ತಿ ಪಡೆದ ಒಬ್ಬರನ್ನಾದರೂ ತೋರಿಸಲಿ, ಸಾಕು.

ಹಂತ 2: ನೌಕರರ ಅನುಭವಗಳನ್ನು ಜರಡಿ ಹಿಡಿಯಿರಿ

ಈ ಹಂತಕ್ಕೆ ಎರಡು ಸಂಜೆ ಮೀಸಲಿಡಿ. ಹೆಚ್ಚಿನವರು ನೌಕರರು ಅನುಭವ ಬರೆಯುವ ಜಾಲತಾಣಗಳಲ್ಲಿ ಕಂಪನಿಗೆ ಸಿಕ್ಕ ಸರಾಸರಿ ನಕ್ಷತ್ರ ನೋಡಿ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಆ ಸರಾಸರಿಯಿಂದ ಏನೂ ತಿಳಿಯುವುದಿಲ್ಲ.

ಯಾವುದೇ ಅನುಭವ ಓದುವಾಗ ಮೊದಲು ನೋಡಬೇಕಾದದ್ದು ದಿನಾಂಕ, ಆಮೇಲೆ ಆಗ ಕಂಪನಿಯಲ್ಲಿ ಎಷ್ಟು ಜನ ಇದ್ದರು ಎಂಬುದು. ಹತ್ತು ಜನರಿದ್ದಾಗ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ, ಬರೆದಿಡದಿದ್ದರೂ ನಡೆಯುತ್ತದೆ. ನಲವತ್ತು ಜನರಾಗುವ ಹೊತ್ತಿಗೆ ಆ ಸುಖ ಮುಗಿದಿರುತ್ತದೆ: ಸಂಸ್ಥಾಪಕರು ಇನ್ನೂ ಹತ್ತು ಜನರಿದ್ದಾಗಿನಂತೆ ಮಾತಿನಲ್ಲೇ ನಡೆಸುತ್ತಿರುತ್ತಾರೆ, ಹೊಸಬರಿಗೆ ಯಾವ ಮಾತೂ ತಲುಪುವುದಿಲ್ಲ. ನಾನು ಕೇಳಿದ ಅತಿ ಕಹಿ ಅನುಭವಗಳು ಈ ನಡುಗಾಲದವು. ನೂರು ದಾಟಿದ ಮೇಲೆ ನಿಯಮ, ಪ್ರಕ್ರಿಯೆ ಬರುತ್ತವೆ. ಆಗ ಹಳಬರು "ಮೊದಲಿನ ಹಾಗಿಲ್ಲ" ಎಂದು ಬೇಸರಪಡುತ್ತಾರೆ, ಹೊಸಬರು ನೆಮ್ಮದಿಯಾಗಿರುತ್ತಾರೆ. ಹಾಗಾಗಿ ಮೂರು ವರ್ಷ ಹಿಂದಿನ ಹೊಗಳಿಕೆ ಇಂದಿನ ಕಂಪನಿಯ ಬಗ್ಗೆ ಅಲ್ಲವೇ ಅಲ್ಲ.

ಎರಡನೆಯದಾಗಿ, ಒಂದೇ ವಾರದಲ್ಲಿ ಐದಾರು ಹೊಗಳಿಕೆಗಳು ಒಂದೇ ಬಗೆಯ ಮಾತುಗಳಲ್ಲಿ ಬಂದಿದ್ದರೆ ಪಕ್ಕಕ್ಕಿಡಿ. ಯಾರೋ ಬರೆಯಲು ಹೇಳಿರುವ ಸಾಧ್ಯತೆ ಹೆಚ್ಚು. ಕೆಲಸದಿಂದ ತೆಗೆದ ಮರುವಾರ ಬಂದ ಸಿಟ್ಟಿನ ಬರಹಗಳನ್ನೂ ಪೂರ್ತಿ ನಂಬಬೇಡಿ, ಆದರೆ ಅದರಲ್ಲಿರುವ ಘಟನೆಗಳನ್ನು ಗುರುತು ಹಾಕಿಕೊಳ್ಳಿ. ಹೊಗಳುವವರೂ ತೆಗಳುವವರೂ ಸೇರಿ ಒಂದೇ ಕೊರತೆಯನ್ನು ಹೇಳಿದ್ದರೆ ಅದೇ ಸತ್ಯಕ್ಕೆ ಹತ್ತಿರ.

ಮೂರನೆಯದಾಗಿ, ಸಿದ್ಧ ಮಾತುಗಳ ಒಳಗನ್ನು ಬಿಡಿಸಿ ನೋಡಿ. "ಪೂರ್ತಿ ಸ್ವಾತಂತ್ರ್ಯ ಕೊಡುತ್ತಾರೆ" ಎಂಬುದು ನಂಬಿಕೆಯೂ ಇರಬಹುದು, ಮ್ಯಾನೇಜರ್ ಕೈಗೆ ಸಿಗುವುದಿಲ್ಲ ಎಂದೂ ಇರಬಹುದು. "ನಾವೆಲ್ಲ ಒಂದೇ ಕುಟುಂಬ" ಎಂದರೆ ಆತ್ಮೀಯತೆ ಇರಬಹುದು. ರಾತ್ರಿ ಹನ್ನೊಂದಕ್ಕೆ ಬಂದ ಸಂದೇಶಕ್ಕೆ ಉತ್ತರಿಸದಿದ್ದರೆ ಮನಸ್ತಾಪ ಎಂದೂ ಇರಬಹುದು. "ಪ್ರತಿದಿನ ಹೊಸ ಕಲಿಕೆ" ಎಂದವರನ್ನು ಕೇಳಿ: ಕಲಿಸಿದವರು ಯಾರು? ಯಾರೂ ಕಲಿಸಲಿಲ್ಲ, ತಾನೇ ಎಡವಿ ಕಲಿತೆ ಎಂದರೆ ಅನುಭವಿಗಳಿಗೆ ಪರವಾಗಿಲ್ಲ, ಮೊದಲ ಕೆಲಸಕ್ಕೆ ಹೋಗುವವರಿಗೆ ಅದು ಬಹಳ ಕಷ್ಟ.

ಬಿಟ್ಟು ಹೋದವರ ಜೊತೆ ಮಾತಾಡುವಾಗ "ಹೇಗಿತ್ತು?" ಎಂದು ಕೇಳಬೇಡಿ, "ಚೆನ್ನಾಗಿತ್ತು" ಎಂಬ ಉತ್ತರಕ್ಕಿಂತ ಹೆಚ್ಚೇನೂ ಬರುವುದಿಲ್ಲ. ಹೀಗೆ ಕೇಳಿ:

- ನೀವು ಎರಡು ವಾರ ರಜೆ ಹಾಕಿ ಮರಳಿದಾಗ, ನಡುವೆ ಏನೇನಾಯಿತು ಎಂದು ಎಲ್ಲಿ ಓದಿ ತಿಳಿದುಕೊಂಡಿರಿ?
- ಕೊನೆಯದಾಗಿ ಯಾವ ದೊಡ್ಡ ತೀರ್ಮಾನ ನಿಮಗೆ ಆಶ್ಚರ್ಯ ತಂದಿತು? ಅದು ನಿಮಗೆ ಹೇಗೆ ತಿಳಿಯಿತು?
- ನಿಮ್ಮ ಮ್ಯಾನೇಜರ್ ಎಷ್ಟು ಸಲ ಬದಲಾದರು?
- ಸಂಬಳ ಒಂದು ದಿನವಾದರೂ ತಡವಾಗಿತ್ತೇ?

ಮೊದಲ ಪ್ರಶ್ನೆಗೆ "ಯಾರನ್ನಾದರೂ ಫೋನ್ ಮಾಡಿ ಕೇಳಬೇಕಿತ್ತು" ಎಂಬ ಉತ್ತರ ಬಂದರೆ ಆ ಕಂಪನಿಯಲ್ಲಿ ಬರೆದಿಡುವ ಅಭ್ಯಾಸ ಇಲ್ಲ ಎಂದು ತಿಳಿಯಿರಿ.

ಎಚ್ಚರಿಕೆ: ಬಹಳ ಜನ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿ ಬಿಟ್ಟಿರುತ್ತಾರೆ. ಗ್ರಾಹಕರ ಹೆಸರು, ಆದಾಯದ ಅಂಕಿ ಕೇಳಿ ಅವರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ.

ಹಂತ 3: ಸಂದರ್ಶನದಲ್ಲಿ ನೀವೂ ಪರೀಕ್ಷಿಸಿ

ಮೊದಲು, ಅವರ ಹ್ಯಾಂಡ್‌ಬುಕ್ ತೋರಿಸಲು ಕೇಳಿ. ಹ್ಯಾಂಡ್‌ಬುಕ್ ಎಂದರೆ ಕಂಪನಿ ಹೇಗೆ ನಡೆಯುತ್ತದೆ ಎಂದು ಬರೆದಿಟ್ಟ ಕೈಪಿಡಿ: ರಜೆ, ವೆಚ್ಚ, ಬಡ್ತಿ, ತೀರ್ಮಾನದ ಕ್ರಮ ಎಲ್ಲ. ಗಿಟ್‌ಲ್ಯಾಬ್ ತನ್ನದನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದುವಂತೆ ಇಟ್ಟಿದೆ; ಒಳ್ಳೆಯದು ಹೇಗಿರುತ್ತದೆ ಎಂದು ತಿಳಿಯಲು ಅದರಲ್ಲಿ ಒಂದು ಗಂಟೆ ಅಡ್ಡಾಡಿ ಬನ್ನಿ. ಬಫರ್ ಎಂಬ ಕಂಪನಿ 2013ರಲ್ಲಿ ತನ್ನ ಎಲ್ಲರ ಸಂಬಳವನ್ನೂ, ಅದನ್ನು ಲೆಕ್ಕ ಹಾಕುವ ಸೂತ್ರವನ್ನೂ ಬಹಿರಂಗಪಡಿಸಿತು. ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ. ಹದಿನೈದು ಜನರ ಕಂಪನಿಗೆ ಹತ್ತು ಪುಟ ಇದ್ದರೂ ಸಾಕು, ಅದು ಕಳೆದ ಮೂರು ತಿಂಗಳಲ್ಲಿ ತಿದ್ದಲ್ಪಟ್ಟಿರಬೇಕು ಅಷ್ಟೆ.

ಎರಡನೆಯದು, ತಪ್ಪಾದಾಗ ಏನು ಮಾಡುತ್ತಾರೆ ಎಂದು ಕೇಳಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ದುರಸ್ತಿ ಮಾಡುವಾಗ ಕೈತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ನೋಡಿದರೆ ಐದು ಬ್ಯಾಕಪ್ ವ್ಯವಸ್ಥೆಗಳಲ್ಲಿ ಒಂದೂ ನಂಬುವಂತೆ ಕೆಲಸ ಮಾಡುತ್ತಿರಲಿಲ್ಲ. ಸುಮಾರು ಆರು ಗಂಟೆಗಳ ಮಾಹಿತಿ ಹೋಯಿತು. ಕಂಪನಿ ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು, ನಂತರ ಪೋಸ್ಟ್‌ಮಾರ್ಟಂ ಪ್ರಕಟಿಸಿತು. ಪೋಸ್ಟ್‌ಮಾರ್ಟಂ ಎಂದರೆ ಇಲ್ಲಿ ಅನಾಹುತದ ನಂತರ ಬರೆಯುವ ಕಾರಣಗಳ ವರದಿ. ಆ ವರದಿ ಹುಡುಕಿದ್ದು ಬ್ಯಾಕಪ್‌ಗಳು ಏಕೆ ಕೆಟ್ಟಿದ್ದವು, ಯಾರಿಗೂ ಏಕೆ ತಿಳಿಯಲಿಲ್ಲ ಎಂಬುದನ್ನು. ನಿಮ್ಮ ಸಂದರ್ಶಕರನ್ನೂ "ನಿಮ್ಮಲ್ಲಿ ಕೊನೆಯ ಬಾರಿ ಸೇವೆ ನಿಂತಾಗ ಏನು ಬರೆದಿರಿ?" ಎಂದು ಕೇಳಿ. ಉತ್ತರ ಒಬ್ಬ ವ್ಯಕ್ತಿಯ ಹೆಸರಿನಿಂದ ಶುರುವಾದರೆ ಎಚ್ಚರ. ದೂರದಲ್ಲಿದ್ದು ಒಬ್ಬಂಟಿಯಾಗಿ ದೂಷಣೆ ಹೊರುವುದು ಕಚೇರಿಯಲ್ಲಿ ಹೊರುವುದಕ್ಕಿಂತ ಬಹಳ ಭಾರ.

ಮೂರನೆಯದು, ಗಡಿಯಾರ. ತಂಡದ ಎಲ್ಲರೂ ಒಟ್ಟಿಗೆ ಎಚ್ಚರವಿರುವ ಹೊತ್ತು ದಿನಕ್ಕೆ ಎಷ್ಟು ಗಂಟೆ ಎಂದು ಕೇಳಿ. ಎರಡು ಗಂಟೆಗಿಂತ ಕಡಿಮೆ ಇದ್ದರೆ ಆ ತಂಡ ಅಸಿಂಕ್ ಆಗಿಯೇ ಕೆಲಸ ಮಾಡಬೇಕು. ಅಸಿಂಕ್ ಎಂದರೆ ಒಬ್ಬರು ಬರೆದಿಟ್ಟದ್ದಕ್ಕೆ ಇನ್ನೊಬ್ಬರು ತಮ್ಮ ಹೊತ್ತಿಗೆ ಉತ್ತರಿಸುವುದು. ಅದು ಅವರಿಗೆ ಬಾರದಿದ್ದರೆ ನಡುರಾತ್ರಿಯ ಮೀಟಿಂಗ್ ನಿಮ್ಮ ಪಾಲಿಗೆ. ಇನ್ನೊಂದು ಸಣ್ಣ ವಿಷಯ ಬಹಳ ಜನರನ್ನು ಎಡವಿಸುತ್ತದೆ: ಅಲ್ಲಿ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಮೀಟಿಂಗ್‌ಗಳೆಲ್ಲ ಒಂದು ಗಂಟೆ ಪಲ್ಲಟವಾಗುತ್ತವೆ. ಗಡಿಯಾರ ಹಿಂದಕ್ಕೆ ಇಡುವ ಅಕ್ಟೋಬರ್ ಕೊನೆಯಲ್ಲಿ ಮತ್ತೆ ಒಂದು ವಾರ ಇದೇ ಗೊಂದಲ. ಹೊತ್ತನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಆಧಾರ ಸಮಯದಲ್ಲಿ ಬರೆಯುವ ತಂಡ ಅನುಭವಸ್ಥ ತಂಡ.

ಆನ್‌ಕಾಲ್ ಸರದಿ, ಅಂದರೆ ಸೇವೆ ಕೆಟ್ಟರೆ ಯಾವ ಹೊತ್ತಿನಲ್ಲೂ ಎದ್ದು ನೋಡುವ ಜವಾಬ್ದಾರಿ, ಎಷ್ಟು ವಾರಕ್ಕೊಮ್ಮೆ ಬರುತ್ತದೆ, ಅದಕ್ಕೆ ಪ್ರತ್ಯೇಕ ಹಣವೋ ರಜೆಯೋ ಇದೆಯೇ ಎಂದೂ ಕೇಳಿ. ಪರದೆಯ ಚಿತ್ರ ತೆಗೆಯುವ, ಕೀಲಿಮಣೆ ಒತ್ತಿದ್ದನ್ನು ಎಣಿಸುವ ನಿಗಾ ತಂತ್ರಾಂಶ ಹಾಕುತ್ತಾರೆಯೇ ಎಂದು ಮುಚ್ಚುಮರೆ ಇಲ್ಲದೆ ಕೇಳಿ. ಹಾಕುತ್ತಾರೆ ಎಂದರೆ ನಾನಾದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಕೆಲಸವನ್ನು ಅಳೆಯಲು ತಿಳಿಯದವರು ಮಾತ್ರ ಕೀಲಿಗಳನ್ನು ಎಣಿಸುತ್ತಾರೆ.

ಎಚ್ಚರಿಕೆ: ಪ್ರಾಯೋಗಿಕ ಕೆಲಸ ಕೊಟ್ಟರೆ ಅದಕ್ಕೆ ಸಂಭಾವನೆ ಇರಬೇಕು. ಆಟೊಮ್ಯಾಟಿಕ್ ಇಂಥ ಪರೀಕ್ಷೆಗೆ ಹಣ ಕೊಟ್ಟೇ ಹೆಸರಾಗಿದೆ. ಇನ್ನು, ಇಡೀ ಸಂದರ್ಶನ ಬರೀ ಚಾಟ್‌ನಲ್ಲಿ ನಡೆದು, ಮುಖ ತೋರಿಸದೆ ಆಫರ್ ಕೊಟ್ಟು, ಲ್ಯಾಪ್‌ಟಾಪ್‌ಗೆಂದೋ ತರಬೇತಿಗೆಂದೋ ನಿಮ್ಮಿಂದ ಹಣ ಕೇಳಿದರೆ ಅದು ವಂಚನೆ. ಕೆಲಸ ಕೊಡುವವರು ನಿಮ್ಮಿಂದ ಹಣ ಕೇಳುವುದಿಲ್ಲ.

ಹಂತ 4: ಹಣ, ಷೇರು, ಒಪ್ಪಂದ

*ರನ್‌ವೇ ಕೇಳಿ.* ಹೊಸ ಹಣ ಬಾರದಿದ್ದರೆ ಕೈಯಲ್ಲಿರುವುದರಲ್ಲಿ ಕಂಪನಿ ಎಷ್ಟು ತಿಂಗಳು ನಡೆಯಬಲ್ಲದು ಎಂಬ ಲೆಕ್ಕವೇ ರನ್‌ವೇ. ಬ್ಯಾಂಕಿನಲ್ಲಿ 90 ಇದ್ದು, ಆದಾಯ ಕಳೆದು ತಿಂಗಳಿಗೆ 5 ಕರಗುತ್ತಿದ್ದರೆ 18 ತಿಂಗಳು. ಒಂದು ವರ್ಷಕ್ಕಿಂತ ಕಡಿಮೆ ಎಂದರೆ ನೀವು ಕೆಲಸ ಕಲಿಯುವ ಹೊತ್ತಿಗೆ ಅವರು ಹೂಡಿಕೆದಾರರ ಬೆನ್ನು ಹತ್ತಿರುತ್ತಾರೆ. ಈ ಪ್ರಶ್ನೆ ಕೇಳುವುದು ಒರಟುತನವಲ್ಲ. ಆಫರ್ ಕೊಟ್ಟ ಮೇಲೂ ಅಂದಾಜು ಹೇಳಲು ಹಿಂಜರಿದರೆ ಅದೇ ಉತ್ತರ.

*ಷೇರು ಆಯ್ಕೆ.* ಸ್ಟಾಕ್ ಆಪ್ಷನ್ ಎಂದರೆ ಮುಂದೆ ಇಂದಿನ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು, ಷೇರು ಅಲ್ಲ. ಸಾಮಾನ್ಯವಾಗಿ ಅದು ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ನಿಮ್ಮದಾಗುತ್ತದೆ, ಇದಕ್ಕೆ ವೆಸ್ಟಿಂಗ್ ಎನ್ನುತ್ತಾರೆ. ಮೊದಲ ವರ್ಷ ತುಂಬುವ ಮುನ್ನ ಬಿಟ್ಟರೆ ಏನೂ ಇಲ್ಲ, ಇದು ಕ್ಲಿಫ್. "ನಿಮಗೆ ಹತ್ತು ಸಾವಿರ ಆಪ್ಷನ್" ಎಂದರೆ ಒಟ್ಟು ಷೇರು ಎಷ್ಟು ಎಂದು ಕೇಳಿ. ಒಟ್ಟು ಒಂದು ಕೋಟಿ ಇದ್ದರೆ ನಿಮ್ಮದು ಶೇ 0.1. ಪ್ರತಿ ಸುತ್ತಿನ ಹೂಡಿಕೆಗೂ ಆ ಪಾಲು ಇನ್ನಷ್ಟು ತೆಳ್ಳಗಾಗುತ್ತದೆ. ಲಿಕ್ವಿಡೇಶನ್ ಪ್ರಿಫರೆನ್ಸ್ ಎಂಬುದನ್ನೂ ತಿಳಿದಿರಿ: ಕಂಪನಿ ಮಾರಾಟವಾದಾಗ ಹೂಡಿಕೆದಾರರು ತಮ್ಮ ಹಣವನ್ನು ಮೊದಲು ತೆಗೆದುಕೊಳ್ಳುವ ಹಕ್ಕು ಅದು. ಅವರು 50 ಹಾಕಿ, ಕಂಪನಿ 40ಕ್ಕೆ ಮಾರಾಟವಾದರೆ ನೌಕರರ ಕೈಗೆ ಉಳಿಯುವುದು ಸೊನ್ನೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡಿ. ಆಪ್ಷನ್‌ಗಳನ್ನು ಸೊನ್ನೆ ಎಂದುಕೊಂಡು, ಬರೀ ಸಂಬಳದಲ್ಲಿ ಬದುಕು ನಡೆಯುತ್ತದೆಯೇ ಎಂದು ಲೆಕ್ಕ ಹಾಕಿ.

*ಕಾಗದದ ಮೇಲೆ ನೀವು ಯಾರು?* ಬೇರೆ ದೇಶದ ಕಂಪನಿ ಆದರೆ ಮೂರು ದಾರಿಗಳಿವೆ. ನಿಮ್ಮ ದೇಶದಲ್ಲಿ ಅವರದೇ ಅಂಗಸಂಸ್ಥೆ ಇದ್ದು ನೀವು ಅದರ ನೌಕರರಾಗುವುದು. ಎಂಪ್ಲಾಯರ್ ಆಫ್ ರೆಕಾರ್ಡ್, ಅಂದರೆ ಕಾಗದದ ಮೇಲೆ ನಿಮ್ಮನ್ನು ನೇಮಿಸಿಕೊಂಡು ಸಂಬಳ, ತೆರಿಗೆ ನೋಡಿಕೊಳ್ಳುವ ಮಧ್ಯವರ್ತಿ ಕಂಪನಿ. ಮೂರನೆಯದು ಗುತ್ತಿಗೆದಾರರಾಗಿ ಬಿಲ್ ಕಳಿಸುವುದು. ಮೂರನೆಯದರಲ್ಲಿ ಅಂಕಿ ದೊಡ್ಡದಾಗಿ ಕಾಣುತ್ತದೆ. ಆದರೆ ತೆರಿಗೆ, ಆರೋಗ್ಯ ವಿಮೆ, ನಿವೃತ್ತಿ ಉಳಿತಾಯ, ಸಂಬಳ ಸಹಿತ ರಜೆ, ನೋಟಿಸ್ ಅವಧಿ ಎಲ್ಲ ನಿಮ್ಮ ತಲೆಯ ಮೇಲೆ. ಸಹಿಗೆ ಮುನ್ನ ನಿಮ್ಮ ದೇಶದ ತೆರಿಗೆ ಸಲಹೆಗಾರರಿಗೆ ಒಮ್ಮೆ ತೋರಿಸಿ. ಕೊಟ್ಟ ಶುಲ್ಕ ವ್ಯರ್ಥವಾಗುವುದಿಲ್ಲ.

ಒಪ್ಪಂದದಲ್ಲಿ "ಉದ್ಯೋಗದ ಅವಧಿಯಲ್ಲಿ ನೀವು ಸೃಷ್ಟಿಸಿದ್ದೆಲ್ಲವೂ ಕಂಪನಿಯದು" ಎಂಬ ಸಾಲಿದ್ದರೆ, ನಿಮ್ಮ ಬಿಡುವಿನ ಓಪನ್ ಸೋರ್ಸ್ ಕೆಲಸವೂ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶದ ಕೆಲಸವೂ ಅದರಲ್ಲಿ ಸೇರಿಬಿಡಬಹುದು. ಹಳೆಯ ಯೋಜನೆಗಳ ಪಟ್ಟಿ ಮಾಡಿ ಹೊರಗಿಡಲು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ, ಕೇಳಿದವರಿಗೆ ಮಾತ್ರ.

ಹಂತ 5: ಮೊದಲ ತೊಂಬತ್ತು ದಿನ

ಮೊದಲ ವಾರದ ಗುರಿ ಒಂದೇ: ಎಷ್ಟೇ ಸಣ್ಣದಾಗಲಿ, ಒಂದು ಬದಲಾವಣೆಯನ್ನು ಬಳಕೆದಾರರ ತನಕ ತಲುಪಿಸುವುದು. ಒಂದು ಕಾಗುಣಿತ ತಿದ್ದಿದರೂ ಆಯಿತು. ಅದಕ್ಕಾಗಿ ಬೇಕಾಗುವ ಅನುಮತಿ, ಪಾಸ್‌ವರ್ಡ್, ಪರಿಶೀಲಿಸುವವರು, ಹಾದಿ ಎಲ್ಲ ಆ ನೆಪದಲ್ಲಿ ಬಯಲಾಗುತ್ತವೆ. ದಾರಿಯಲ್ಲಿ ಎಡವಿದ ಪ್ರತಿಯೊಂದನ್ನೂ ಬರೆದಿಟ್ಟು ಆನ್‌ಬೋರ್ಡಿಂಗ್ ದಾಖಲೆಗೆ, ಅಂದರೆ ಹೊಸಬರನ್ನು ಬರಮಾಡಿಕೊಳ್ಳುವ ಟಿಪ್ಪಣಿಗೆ ಸೇರಿಸಿ. ಹೊಸಬರ ಕಣ್ಣು ಒಂದು ತಿಂಗಳು ಮಾತ್ರ ಹೊಸದಾಗಿರುತ್ತದೆ, ಆಮೇಲೆ ಕೊರತೆಗಳು ಅಭ್ಯಾಸವಾಗಿಬಿಡುತ್ತವೆ.

ಎರಡನೇ ವಾರದಿಂದ ಪ್ರಶ್ನೆಗಳನ್ನು ಎಲ್ಲರಿಗೂ ಕಾಣುವ ಚಾನೆಲ್‌ನಲ್ಲಿ, ಅಂದರೆ ತಂಡದ ಚಾಟ್ ಗುಂಪಿನಲ್ಲಿ ಕೇಳಿ. ಖಾಸಗಿ ಸಂದೇಶದಲ್ಲಿ ಕೇಳುವುದು ಸುರಕ್ಷಿತ ಅನ್ನಿಸುತ್ತದೆ, ಅದೇ ಅಪಾಯ. ನನ್ನ ಮೊದಲ ರಿಮೋಟ್ ಕೆಲಸದಲ್ಲಿ ಒಂದು ಸರ್ವರ್‌ನ ಅನುಮತಿಗಾಗಿ ಒಬ್ಬರಿಗೇ ಖಾಸಗಿಯಾಗಿ ಬರೆದು ಒಂಬತ್ತು ದಿನ ಕಾದೆ, ಅವರು ರಜೆಯಲ್ಲಿದ್ದರು. ಕೊನೆಗೆ ಚಾನೆಲ್‌ನಲ್ಲಿ ಕೇಳಿದಾಗ ಬೇರೊಬ್ಬರು ನಾಲ್ಕು ನಿಮಿಷದಲ್ಲಿ ಕೊಟ್ಟರು.

ಪ್ರಶ್ನೆಯನ್ನು ಒಂದೇ ಸಂದೇಶದಲ್ಲಿ ಪೂರ್ತಿ ಮಾಡಿ. "ಹಲೋ, ಬಿಡುವಿದೆಯಾ?" ಎಂದಷ್ಟೇ ಬರೆದು ಕಾಯುವುದು ದೊಡ್ಡ ತಪ್ಪು. ಎಂಟು ಗಂಟೆ ಅಂತರದಲ್ಲಿರುವವರು ಮರುದಿನ "ಇದೆ, ಹೇಳಿ" ಎನ್ನುತ್ತಾರೆ, ಅಷ್ಟೊತ್ತಿಗೆ ನೀವು ಮಲಗಿರುತ್ತೀರಿ. ಹೀಗೆ ಬರೆಯಿರಿ:

"ಪಾವತಿ ಪುಟದ ಪರೀಕ್ಷೆ ನನ್ನ ಯಂತ್ರದಲ್ಲಿ ವಿಫಲವಾಗುತ್ತಿದೆ. ಬಂದ ದೋಷ ಕೆಳಗಿದೆ. ಆವೃತ್ತಿ ಬದಲಿಸಿ ನೋಡಿದೆ, ಸಂರಚನೆಯ ಕಡತ ಹೋಲಿಸಿದೆ, ಪ್ರಯೋಜನವಾಗಲಿಲ್ಲ. ಪರೀಕ್ಷಾ ಕೀಲಿಯ ಅವಧಿ ಮುಗಿದಿರಬಹುದೆಂಬ ಅನುಮಾನ. ನಾಳೆ ಸಂಜೆಯೊಳಗೆ ಬೇಕು. ಅಲ್ಲಿಯವರೆಗೆ ವರದಿ ಪುಟದ ಕೆಲಸ ಹಿಡಿಯುತ್ತೇನೆ."

ಏನಾಗಿದೆ, ಏನು ಮಾಡಿ ನೋಡಿದೆ, ಏನೆಂದು ಅನುಮಾನ, ಯಾವಾಗ ಬೇಕು, ಅಲ್ಲಿಯವರೆಗೆ ಏನು ಮಾಡುತ್ತೇನೆ ಎಂಬುದೆಲ್ಲ ಅದರಲ್ಲಿ ಬಂತು. ಓದಿದವರು ಮರುಪ್ರಶ್ನೆ ಇಲ್ಲದೆ ಉತ್ತರಿಸಬಹುದು.

ಪ್ರತಿ ಶುಕ್ರವಾರ ಮ್ಯಾನೇಜರ್‌ಗೆ ಐದು ಸಾಲು ಕಳಿಸಿ: ಮುಗಿದದ್ದು, ಸಿಕ್ಕಿಕೊಂಡದ್ದು, ಮುಂದಿನ ವಾರದ್ದು. ಅವರು ಕೇಳದಿದ್ದರೂ ಕಳಿಸಿ. ಕಚೇರಿಯಲ್ಲಿ ನೀವು ಬೆವರುವುದು ಕಾಣುತ್ತದೆ, ಇಲ್ಲಿ ಬರೆದದ್ದಷ್ಟೇ ಕಾಣುವುದು. ನಾಚಿಕೆ ಸ್ವಭಾವದವರಿಗೆ ಇದು ಬಡಾಯಿ ಅನ್ನಿಸುತ್ತದೆ ಎಂದು ಗೊತ್ತು. ಆದರೆ ಆರು ತಿಂಗಳ ನಂತರ ಮೌಲ್ಯಮಾಪನದ ಹೊತ್ತಿಗೆ ಇಪ್ಪತ್ತಾರು ಟಿಪ್ಪಣಿಗಳು ನಿಮ್ಮ ಪರವಾಗಿ ನಿಲ್ಲುತ್ತವೆ.

ಮೂವತ್ತನೇ ದಿನ ಮ್ಯಾನೇಜರ್‌ನನ್ನು ಕೇಳಿ: "ತೊಂಬತ್ತನೇ ದಿನ ನನ್ನ ಕೆಲಸ ಚೆನ್ನಾಗಿದೆ ಎಂದು ನೀವು ಹೇಳಬೇಕಾದರೆ ಏನಾಗಿರಬೇಕು?" ಉತ್ತರವನ್ನು ನೀವೇ ಬರೆದು ಅವರಿಗೆ ಕಳಿಸಿ, "ನಾನು ಅರ್ಥ ಮಾಡಿಕೊಂಡದ್ದು ಇದು, ಸರಿಯೇ?" ಎಂದು ದೃಢಪಡಿಸಿಕೊಳ್ಳಿ. ಸ್ಟಾರ್ಟ್‌ಅಪ್‌ನಲ್ಲಿ ಗುರಿ ತಿಂಗಳಿಗೊಮ್ಮೆ ಬದಲಾಗುತ್ತದೆ. ಬದಲಾದಾಗಲೆಲ್ಲ ಅದೇ ದಾಖಲೆಯಲ್ಲಿ ತಿದ್ದಿ, ದಿನಾಂಕ ಹಾಕಿ.

ಹಂತ 6: ದಿನಕ್ಕೆ ಒಂದು ಅಂಚು ಹಾಕಿ

ಮೇಲೆ ಹೇಳಿದ ಸಿಟ್ರಿಪ್ ಅಧ್ಯಯನದ ಶೇ 13ರಲ್ಲಿ ಸುಮಾರು 9 ಬಂದದ್ದು ಜನ ಹೆಚ್ಚು ನಿಮಿಷ ಕೆಲಸ ಮಾಡಿದ್ದರಿಂದ: ವಿರಾಮ ಕಡಿಮೆಯಾಯಿತು, ಅನಾರೋಗ್ಯದ ರಜೆ ಕಡಿಮೆಯಾಯಿತು. ರಿಮೋಟ್ ಕೆಲಸದಲ್ಲಿ ಸೋಮಾರಿತನಕ್ಕಿಂತ ನಿಲ್ಲಿಸಲು ಬಾರದಿರುವುದೇ ದೊಡ್ಡ ಅಪಾಯ, ನಾನು ಕಂಡವರಲ್ಲೂ ಹಾಗೆಯೇ.

ನಿಮ್ಮ ಕೆಲಸದ ಹೊತ್ತನ್ನು ಪ್ರೊಫೈಲ್‌ನಲ್ಲಿ, ಕ್ಯಾಲೆಂಡರ್‌ನಲ್ಲಿ ಬರೆದು ಹಾಕಿ. ಆ ಹೊತ್ತಿನ ನಂತರ ಸೂಚನೆಗಳು ತಾವೇ ನಿಲ್ಲುವಂತೆ ಮಾಡಿ. ತಡರಾತ್ರಿ ಬರೆದ ಸಂದೇಶವನ್ನು ಬೆಳಿಗ್ಗೆಗೆ ನಿಗದಿ ಮಾಡಿ ಕಳಿಸಿ. ಇಲ್ಲದಿದ್ದರೆ ನೋಡಿದವರು ತಾವೂ ಎಚ್ಚರವಿರಬೇಕೆಂದುಕೊಳ್ಳುತ್ತಾರೆ. ಕೆಲಸದ ಲ್ಯಾಪ್‌ಟಾಪ್ ಬೇರೆ, ಸ್ವಂತದ್ದು ಬೇರೆ ಇರಲಿ. ನೆಮ್ಮದಿಗೂ ಒಳ್ಳೆಯದು, ಭದ್ರತೆಗೂ ಒಳ್ಳೆಯದು. ಫ್ರಾನ್ಸ್‌ನಲ್ಲಿ 2017ರಿಂದ ಕೆಲಸದ ಹೊತ್ತಿನಾಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ, ಪೋರ್ಚುಗಲ್ 2021ರಲ್ಲಿ ಬಿಡುವಿನ ಹೊತ್ತಿನಲ್ಲಿ ನೌಕರರನ್ನು ಸಂಪರ್ಕಿಸದಿರುವ ಹೊಣೆಯನ್ನು ಕಂಪನಿಗಳ ಮೇಲೇ ಹಾಕಿತು. ನಿಮ್ಮ ಒಪ್ಪಂದಕ್ಕೆ ಯಾವ ದೇಶದ ಕಾನೂನು ಅನ್ವಯ ಎಂದು ನೋಡಿಕೊಳ್ಳಿ.

ವಿಡಿಯೊ ಮೀಟಿಂಗ್‌ಗಳ ದಣಿವು ಕಲ್ಪನೆಯಲ್ಲ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ಅದಕ್ಕೆ ನಾಲ್ಕು ಕಾರಣ ಕೊಟ್ಟರು: ತೀರಾ ಹತ್ತಿರದ ದಿಟ್ಟಿನೋಟ, ಸದಾ ತನ್ನ ಮುಖವನ್ನೇ ನೋಡುವುದು, ಅಲುಗಾಡದೆ ಕೂರುವುದು, ಸನ್ನೆಗಳನ್ನು ಓದಲು ಮಿದುಳಿಗೆ ಬೀಳುವ ಹೆಚ್ಚಿನ ಶ್ರಮ. ನಿಮ್ಮ ಚಿತ್ರ ನಿಮಗೆ ಕಾಣದಂತೆ ಮರೆಮಾಡಿ, ಇಬ್ಬರೇ ಮಾತಾಡುವಾಗ ಬರೀ ಧ್ವನಿಯಲ್ಲಿ ನಡೆದಾಡುತ್ತಾ ಮಾತಾಡಿ.

ಹಂತ 7: ಒಂಟಿತನಕ್ಕೆ ಮೊದಲೇ ಏರ್ಪಾಡು ಮಾಡಿಕೊಳ್ಳಿ

ಅದೇ ಸಿಟ್ರಿಪ್‌ನಲ್ಲಿ ಪ್ರಯೋಗ ಮುಗಿದು ಆಯ್ಕೆ ಕೊಟ್ಟಾಗ, ಮನೆಯಿಂದ ದುಡಿದವರಲ್ಲಿ ಸುಮಾರು ಅರ್ಧ ಜನ ಕಚೇರಿಗೆ ಮರಳಿದರು. ತಾವಾಗಿ ಬಯಸಿ ಮನೆಯಿಂದ ಕೆಲಸ ಆರಿಸಿಕೊಂಡವರೇ ಅವರು. ಒಂಟಿತನ ಎರಡನೇ ವಾರ ಬರುವುದಿಲ್ಲ, ಐದನೇ ಆರನೇ ತಿಂಗಳಲ್ಲಿ ಸದ್ದಿಲ್ಲದೆ ಬರುತ್ತದೆ. ಹಾಗಾಗಿ ಸೇರಿದ ಮೊದಲ ತಿಂಗಳೇ ವಾರಕ್ಕೆ ಎರಡು ದಿನ ಕೆಲಸಕ್ಕೆ ಸಂಬಂಧವಿಲ್ಲದ ಜನರ ನಡುವೆ ಇರುವ ಒಂದು ಏರ್ಪಾಡು ಮಾಡಿಕೊಳ್ಳಿ: ಆಟ, ಸಂಗೀತ, ಗ್ರಂಥಾಲಯ, ಏನಾದರೂ. ಕಂಪನಿಯೊಳಗೆ ಬೇರೆ ತಂಡದ ಒಬ್ಬರ ಜೊತೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಮಾತಾಡಿ. ಮೈಕ್ರೋಸಾಫ್ಟ್ ತನ್ನ ಅಮೆರಿಕದ 61,182 ನೌಕರರ 2020ರ ಮೊದಲ ಆರು ತಿಂಗಳ ಸಂವಹನವನ್ನು ಪರಿಶೀಲಿಸಿದಾಗ ಕಂಡದ್ದು, ಎಲ್ಲರೂ ದೂರವಾದಾಗ ತಂಡಗಳ ನಡುವಿನ ಸೇತುವೆಗಳು ಕಡಿಮೆಯಾಗಿ ಪ್ರತಿ ತಂಡವೂ ತನ್ನಷ್ಟಕ್ಕೇ ಮುಚ್ಚಿಕೊಳ್ಳುತ್ತದೆ ಎಂದು. ಆ ಸೇತುವೆಯನ್ನು ನೀವೇ ಕಟ್ಟಬೇಕು. ವರ್ಷಕ್ಕೊಮ್ಮೆ ಎಲ್ಲರೂ ಸೇರುವ ಕಂಪನಿ ಕೂಟ ಇದ್ದರೆ ತಪ್ಪಿಸಬೇಡಿ.

ನಿದ್ದೆ ಕೆಟ್ಟು, ಭಾನುವಾರ ಸಂಜೆಯಾದರೆ ಎದೆ ಭಾರವಾಗುವುದು ಎರಡು ವಾರಕ್ಕಿಂತ ಹೆಚ್ಚು ನಡೆದರೆ ವೈದ್ಯರ ಹತ್ತಿರ ಹೋಗಿ. ಅದನ್ನು ಕೆಲಸದ ಒತ್ತಡ ಎಂದು ಮುಂದೂಡಬೇಡಿ.

ಹಂತ 8: ಬಿಡುವ ಕಾಲ ಬಂದಾಗ

ನೀವಾಗಿ ಬಿಟ್ಟರೂ, ಅವರಾಗಿ ತೆಗೆದರೂ ರಿಮೋಟ್ ಕಂಪನಿಯಲ್ಲಿ ಖಾತೆಗಳು ಕೆಲವೊಮ್ಮೆ ಕ್ಷಣಾರ್ಧದಲ್ಲಿ ಮುಚ್ಚುತ್ತವೆ. ಸಂಬಳದ ಚೀಟಿ, ಒಪ್ಪಂದ, ಆಪ್ಷನ್ ಪತ್ರ, ಮೌಲ್ಯಮಾಪನದ ಪ್ರತಿಗಳನ್ನು ಬಂದ ದಿನವೇ ಸ್ವಂತ ಜಾಗದಲ್ಲಿ ಇಟ್ಟುಕೊಳ್ಳಿ. ಕಂಪನಿಯ ಕೋಡ್ ಮತ್ತು ಗ್ರಾಹಕರ ಮಾಹಿತಿಯನ್ನು ಮಾತ್ರ ಮುಟ್ಟಬೇಡಿ, ಅದು ಕಾನೂನಿನ ತೊಂದರೆಗೆ ದಾರಿ.

ನಿಮ್ಮದಾದ ಆಪ್ಷನ್‌ಗಳನ್ನು ಕೊಳ್ಳಲು ಗಡುವು ಇರುತ್ತದೆ. ಅಮೆರಿಕದ ಬಹಳಷ್ಟು ಕಂಪನಿಗಳಲ್ಲಿ ಅದು ಬಿಟ್ಟ ದಿನದಿಂದ 90 ದಿನ. ದಾಟಿದರೆ ನಾಲ್ಕು ವರ್ಷ ದುಡಿದು ಗಳಿಸಿದ ಹಕ್ಕು ಇಲ್ಲವಾಗುತ್ತದೆ. ರಾಜೀನಾಮೆ ಪತ್ರ ಕಳಿಸುವ ಮೊದಲೇ ಆ ದಿನಾಂಕ ಲೆಕ್ಕ ಹಾಕಿ, ಕೊಳ್ಳಲು ಬೇಕಾದ ಹಣ ಮತ್ತು ಅದಕ್ಕೆ ಬೀಳುವ ತೆರಿಗೆ ಎಷ್ಟೆಂದು ತಿಳಿದುಕೊಳ್ಳಿ.

ನಿಮ್ಮ ಕೆಲಸವನ್ನು ಮುಂದೆ ವಹಿಸಿಕೊಳ್ಳುವವರಿಗೆ ಒಂದು ದಾಖಲೆ ಬರೆದಿಡಿ: ಯಾವುದು ಎಲ್ಲಿದೆ, ಯಾವುದು ಅರ್ಧದಲ್ಲಿದೆ, ಯಾವ ಭಾಗ ಮುಟ್ಟಿದರೆ ಯಾವುದು ಕೆಡುತ್ತದೆ, ಯಾರನ್ನು ಕೇಳಬೇಕು. ಲ್ಯಾಪ್‌ಟಾಪ್ ಕಳಿಸುವಾಗ ರಸೀದಿ ಮತ್ತು ಪಾರ್ಸೆಲ್ ಸಂಖ್ಯೆ ಜೋಪಾನ ಮಾಡಿ, ಕೊನೆಯ ಸಂಬಳ ಖಾತೆಗೆ ಬರುವವರೆಗೆ. ಆಮೇಲೆ ಯಾರಾದರೂ ನಿಮಗೆ ಬರೆದು "ಅಲ್ಲಿ ಹೇಗಿತ್ತು?" ಎಂದು ಕೇಳಿದರೆ, ನೀವು ಇದ್ದ ವರ್ಷ, ತಂಡ, ಆಗಿದ್ದ ಜನರ ಸಂಖ್ಯೆ ಮೂರನ್ನೂ ಸೇರಿಸಿ ಉತ್ತರ ಕೊಡಿ.